ಸ್ಟೇಜಿನಿಂದ ಸ್ಟುಡಿಯೋಕ್ಕ: ಹಾಡೋರು ಆರ್‌ಜೆ ಆದ್ರ ಹಾಡು ಆರಿಸೋರು ಯಾರು?

ಬ್ಯಾಂಡ್‌ನ್ಯಾಗ ಹಾಡ್ತಿದ್ದಾಂವ ರೇಡಿಯೋ ಸೇರಿದ ಅಂತ ಸುದ್ದಿ ಬಂತಂದ್ರ ನಮ್ಮ ಕಡೆ ಮೊದಲ ಮಾತು ಒಂದ, "ಪಾಪ, ಹಾಡೋದು ಬಿಟ್ನಂತ". ಮನ್ಯಾಗಿನವರಿಗೆ ತಿಂಗಳಾ ಪಗಾರ ಬರ್ತೈತಲ್ಲ ಅಂತ ಸಮಾಧಾನ, ಬ್ಯಾಂಡ್‌ನವರಿಗೆ ಸಿಟ್ಟು, ಉಳಿದವರಿಗೆ ಚಹಾದ ಜೋಡಿ ಮಾತಾಡಾಕ ಒಂದು ವಿಷಯ. ನನಗರ ಈ ಮರುಕ ಅರ್ಧ ತಪ್ಪು, ಅರ್ಧ ಖರೆ ಅನಸ್ತೈತಿ. ಹಾಡೋರು ಮೈಕ್ ಮುಂದ ಮಾತಾಡಾಕ ಕುಂತ್ರ ಅದು ಸೋಲಲ್ಲ, ಎಷ್ಟೋ ಮಂದಿದು ಖರೇ ಕಸುಬು ಅಲ್ಲೇ ಹೊರಗ ಬಿದ್ದೈತಿ, ಆದ್ರ ಆ ಸ್ಟೇಷನ್‌ನ್ಯಾಗ ಯಾವ ಹಾಡು ಹಾಕಬೇಕು ಅನ್ನೋದು ಸ್ವಲ್ಪರ ಅವರ ಕೈಯಾಗ ಇರಬೇಕು. ಅದು ಇಲ್ಲಂದ್ರ ಮರುಕ ಪಡೋದ ಬರೋಬ್ಬರಿ.

ಈಗ್ಯಾಕ ಈ ಮಾತು ಅಂದ್ರ, 2024ರ ಆಗಸ್ಟ್ 28ಕ್ಕ ಕೇಂದ್ರ ಸಂಪುಟ 234 ಹೊಸ ಊರುಗಳಿಗೆ 730 ಖಾಸಗಿ ಎಫ್‌ಎಂ ಚಾನೆಲ್ ಹರಾಜು ಹಾಕಾಕ ಒಪ್ಪಿಗಿ ಕೊಡ್ತು, ಮೂಲ ಬೆಲೆ ಎಲ್ಲಾ ಸೇರಿ 784.87 ಕೋಟಿ ರೂಪಾಯಿ, ಆ ಪಟ್ಟಿಯೊಳಗ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಅದಾವ. ಮಾತೃಭಾಷಾದಾಗ ಲೋಕಲ್ ಕಂಟೆಂಟ್ ಹೆಚ್ಚಾಗ್ತೈತಿ, ಹೊಸ ಕೆಲಸ ಹುಟ್ತಾವ ಅಂತ ಸರ್ಕಾರದ ಹೇಳಿಕಿ. ಸಂಪುಟದ ಒಪ್ಪಿಗಿ, ಹರಾಜು, ಲೈಸೆನ್ಸು, ಟವರು, ಇವೆಲ್ಲಾ ದಾಟಿ ದನಿ ಬರಾಕ ವರ್ಷಗಟ್ಟಲೆ ಹಿಡೀತೈತಿ, ಅದು ಬ್ಯಾರೆ ಮಾತು. ಆದ್ರ ಅವತ್ತು ಆ ಸ್ಟೇಷನ್‌ನವರು ಆರ್‌ಜೆ ಹುಡುಕಾಕ ಬಂದ್ರ ಎಲ್ಲಿ ಹುಡುಕ್ತಾರ ಹೇಳ್ರಿ, ಕಾಲೇಜ್ ಫೆಸ್ಟ್‌ನ್ಯಾಗ ಹಾಡೋ ಹುಡುಗ ಹುಡುಗ್ಯಾರ ಹತ್ರನ ಬರ್ತಾರ. ಮೈಕ್ ಅಂದ್ರ ಅಂಜಿಕಿ ಇಲ್ಲದವರು ಊರಾಗ ಮತ್ಯಾರು ಅದಾರ, ರಾಜಕಾರಣಿಗಳನ್ನ ಬಿಟ್ರ.

ಈ ದಾರಿಯಾಗ ಚಲೋತಂಗ ನಡದವರು ಬ್ರಿಟನ್‌ನ್ಯಾಗ ಭಾಳ ಮಂದಿ ಸಿಗ್ತಾರ. ನನಗ ಎಲ್ಲಕ್ಕಿಂತ ಮಜಾ ಅನಸೋದು ಲಾರೆನ್ ಲವರ್ನ್ ಕತಿ. ಇಂಗ್ಲೆಂಡಿನ ಉತ್ತರಕ್ಕ ಸಂಡರ್‌ಲ್ಯಾಂಡ್ ಅಂತ ಊರು, ಹಡಗು ಕಟ್ಟೋ ಕೆಲಸ 1988ಕ್ಕ ನಿಂತಿತ್ತು, ಕಡೀ ಕಲ್ಲಿದ್ದಲ ಗಣಿ 1993ಕ್ಕ ಮುಚ್ಚಿತ್ತು, ಅಂಥಾ ಊರಾಗ 1994ರಾಗ ಕೆನಿಕಿ ಅಂತ ಬ್ಯಾಂಡ್ ಹುಟ್ತು, ಇನ್ನೂ ಶಾಲೀ ವಯಸ್ಸಿನ ಮೂರು ಹುಡುಗ್ಯಾರು, ಡ್ರಮ್ಸ್‌ಗೆ ಲಾರೆನ್‌ಳ ಒಡಹುಟ್ಟಿದಾಂವ. 1997ರಾಗ ಮೊದಲನೇ ಆಲ್ಬಮ್ ಬಂತು, ಬ್ರಿಟಿಷ್ ಚಾರ್ಟ್‌ನ್ಯಾಗ ಮೊದಲ ಹತ್ತರೊಳಗ ಹೋತು, 1998ರಾಗ ಎರಡನೇದು ಬಂತು, ಅದೇ ವರ್ಷ ಬ್ಯಾಂಡೂ ಮುಗೀತು. ಆಗ ಆಕಿಗೆ 20 ವರ್ಷ. ನಮ್ಮ ಲೆಕ್ಕದಾಗ ಅದು ಡಿಗ್ರಿ ಎರಡನೇ ವರ್ಷದ ವಯಸ್ಸು, ಅಷ್ಟರಾಗ ಆಕಿದು ಒಂದು ಜೀವನ ಮುಗದಿತ್ತು. ಆಮ್ಯಾಲೆ ಟಿವಿ, ಲಂಡನ್ನಿನ ಎಕ್ಸ್‌ಎಫ್‌ಎಂ ಸ್ಟೇಷನ್ನಿನ ಬೆಳಗಿನ ಶೋ, 2008ರಿಂದ ಬಿಬಿಸಿ ರೇಡಿಯೋ 6 ಮ್ಯೂಸಿಕ್, 2018ರಿಂದ ಬಿಬಿಸಿ ರೇಡಿಯೋ 4ರ ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್, 2019ರ ಜನವರಿಯಿಂದ ಕೆಲವು ವರ್ಷ 6 ಮ್ಯೂಸಿಕ್‌ನ ಬೆಳಗಿನ ಶೋ. ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್ ಅಂದ್ರ 1942ರಿಂದ ನಡಕೊಂಡು ಬಂದ ಕಾರ್ಯಕ್ರಮ, ಅತಿಥಿ ಆದವರು ತಮ್ಮ ಜೀವನದ ಎಂಟು ಹಾಡು ಆರಿಸಿ ಅದರ ಸುತ್ತ ಮಾತಾಡಬೇಕು. ಎರಡ ಆಲ್ಬಮ್ ಮಾಡಿದ ಹುಡುಗಿ ದೇಶದ ದೊಡ್ಡ ದೊಡ್ಡವರನ್ನ ಕುಂದರಿಸಿಕೊಂಡು "ಈ ಹಾಡ ಯಾಕ?" ಅಂತ ಕೇಳೋ ಕುರ್ಚಿಗೆ ಬಂದ್ಲು.

ಆಕಿ ಒಬ್ಬಾಕಿನ ಅಲ್ಲ. ವೇಲ್ಸ್‌ನ ಕ್ಯಾಟಟೋನಿಯಾ ಬ್ಯಾಂಡಿನ ಕೆರಿಸ್ ಮ್ಯಾಥ್ಯೂಸ್ ಬ್ಯಾಂಡ್ 2001ರಾಗ ಮುಗದ ಮ್ಯಾಲೆ ಅದೇ 6 ಮ್ಯೂಸಿಕ್ ಸ್ಟೇಷನ್ನಿನ್ಯಾಗ ರವಿವಾರದ ಶೋ ಹಿಡಿದ್ಲು. ಪಲ್ಪ್ ಬ್ಯಾಂಡಿನ ಜಾರ್ವಿಸ್ ಕಾಕರ್ 2010ರಿಂದ 2017ರ ತನಕ ರವಿವಾರ ಸಂಜಿಕೆ ಬರ್ತಿದ್ದ. ಎಲ್ಬೋ ಬ್ಯಾಂಡಿನ ಗೈ ಗಾರ್ವಿ ಹಾಡೋದನ್ನೂ ಬಿಟ್ಟಿಲ್ಲ, ರೇಡಿಯೋನೂ ಬಿಟ್ಟಿಲ್ಲ, ಎರಡೂ ನಡದಾವ. ಇವರನ್ನ ನೋಡಿದ್ರ "ಹಾಡೋದು ಬಿಟ್ನಂತ" ಅನ್ನೋ ಮಾತು ಅಷ್ಟೊಂದು ಸರಳ ಇಲ್ಲ ಅಂತ ಗೊತ್ತಾಗ್ತೈತಿ.

ಹಾಡೋರು ರೇಡಿಯೋಕ್ಕ ಯಾಕ ಒಗ್ತಾರ ಅಂದ್ರ ಮಂದಿ "ದನಿ ಚಲೋ ಇರ್ತೈತಿ" ಅಂತಾರ. ದನಿ ದೊಡ್ಡ ಕಾರಣ ಅಲ್ಲರೀ. ಸ್ಟೇಜ್ ಮ್ಯಾಲೆ ಏನಾಗ್ತೈತಿ ನೋಡ್ರಿ, ಮೂರನೇ ಹಾಡಿಗೆ ಗಿಟಾರ್ ತಂತಿ ಹರೀತೈತಿ, ಗಿಟಾರ್‌ನಾಂವ ಬೆನ್ನು ತಿರುಗಿಸಿ ಹೊಸ ತಂತಿ ಕಟ್ಟಾಕ ಹತ್ತತಾನ, ಡ್ರಮ್ಮರ್ ನೀರು ಕುಡೀತಾನ, ಕೀಬೋರ್ಡ್‌ನಾಂವ ಫೋನ್ ನೋಡ್ತಾನ, ಮುಂದ ಐನೂರು ಮಂದಿ ನಿಂತಾರ, ಅವರ ಜೋಡಿ ಮಾತಾಡೋ ಜವಾಬ್ದಾರಿ ಯಾರದು? ಹಾಡೋರದ. ಎರಡು ನಿಮಿಷ, ಮೂರು ನಿಮಿಷ, ಜೋಕ್ ಹೊಡೀರಿ, ಊರ ಹೆಸರು ತಗೋರಿ, ಮುಂದಿನ ಹಾಡು ಹೆಂಗ ಹುಟ್ತು ಹೇಳ್ರಿ, ಏನರ ಮಾಡ್ರಿ, ಖಾಲಿ ಮಾತ್ರ ಬಿಡಬ್ಯಾಡ್ರಿ. ರೇಡಿಯೋದವರು ಈ ಖಾಲಿತನಕ್ಕ ಡೆಡ್ ಏರ್ ಅಂತಾರ, ಅವರಿಗೆ ಅದರಕಿಂತ ದೊಡ್ಡ ಅಂಜಿಕಿ ಇಲ್ಲ. ಬ್ಯಾಂಡ್‌ನ್ಯಾಗ ಹಾಡೋರು ಈ ಅಂಜಿಕಿಯನ್ನ ಪಗಾರಿಲ್ಲದ ಕಲ್ತಿರ್ತಾರ.

ಇನ್ನೊಂದು ಐತಿ, ಇದು ಹೊರಗಿನವರಿಗೆ ಕಾಣಸೋದಿಲ್ಲ. ಹಾಡಿನ ಇಂಟ್ರೋ ಮ್ಯಾಲೆ ಆರ್‌ಜೆ ಮಾತಾಡಿಕೋತ ಹೋಗಿ, ಹಾಡಿನ ಮೊದಲ ಶಬ್ದ ಬರೋದಕ್ಕ ಬರೋಬ್ಬರಿ ಮೊದಲ ಬಾಯಿ ಮುಚ್ಚಬೇಕು. ಒಂದು ಸೆಕೆಂಡ್ ಮುಂದ ಹೋದ್ರ ಹಾಡೋರ ಮ್ಯಾಲೆ ಮಾತು ಬೀಳ್ತೈತಿ, ಭಾಳ ಮೊದಲ ನಿಲ್ಲಿಸಿದ್ರ ಸಪ್ಪಗ ಆಗ್ತೈತಿ. ಹೊಸಬರು ಸ್ಕ್ರೀನ್ ಮ್ಯಾಲಿನ ಕೌಂಟ್‌ಡೌನ್ ನೋಡಿಕೋತ ಮಾತಾಡ್ತಾರ, ಹಂಗಾಗಿ ಓದಿದಂಗ ಕೇಳ್ತೈತಿ. ಬ್ಯಾಂಡ್‌ನ್ಯಾಗ ಇದ್ದವರು ಸ್ಕ್ರೀನ್ ನೋಡೋದಿಲ್ಲ, ಬಾರ್ ಎಣಸ್ತಾರ. ನಿಮಿಷಕ್ಕ 120 ಬೀಟ್ ವೇಗದ ಹಾಡು, ನಾಕು ಬೀಟಿಗೆ ಒಂದು ಬಾರ್ ಅಂದ್ರ ಒಂದು ಬಾರ್‌ಗೆ 2 ಸೆಕೆಂಡ್, ಎಂಟು ಬಾರ್ ಇಂಟ್ರೋ ಇದ್ರ 16 ಸೆಕೆಂಡ್. ಅದೇ 90 ಬೀಟ್ ವೇಗದ ಹಾಡಾದ್ರ ಎಂಟು ಬಾರ್‌ಗೆ ಸುಮಾರು 21 ಸೆಕೆಂಡ್ ಸಿಗ್ತೈತಿ, ಐದು ಸೆಕೆಂಡ್ ಜಾಸ್ತಿ, ಅಷ್ಟರಾಗ ಒಂದು ಚಲೋ ವಾಕ್ಯ ಹೇಳಬಹುದು. ಈ ಲೆಕ್ಕ ಅವರಿಗೆ ತಲ್ಯಾಗ ಅಲ್ಲ, ಕಾಲಾಗ ಇರ್ತೈತಿ, ಕಾಲು ತಟ್ಟಿಕೋತ ಮಾತಾಡ್ತಾರ. ಜೋಡೀಗೆ ಹಾಡಿನ ಕ್ರಮ. ಸೆಟ್ ಲಿಸ್ಟ್ ಬರದವರಿಗೆ ಗೊತ್ತಿರ್ತೈತಿ, ಜೋರು ಹಾಡು ಎರಡಾದ ಮ್ಯಾಲೆ ಮಂದೀನ್ನ ಎಲ್ಲಿ ಕುಂದರಸಬೇಕು, ಮತ್ತ ಎಲ್ಲಿ ಎಬ್ಬಸಬೇಕು ಅಂತ. ಎರಡು ತಾಸಿನ ರೇಡಿಯೋ ಶೋ ಅಂದ್ರೂ ಒಂದು ಉದ್ದನ್ನ ಸೆಟ್ ಲಿಸ್ಟೇ.

ತ್ರಾಸು ಆಗೋದೂ ಐತಿ, ಸುಳ್ಳು ಯಾಕ ಹೇಳಲಿ. ಸ್ಟೇಜ್ ಮ್ಯಾಲೆ ಮೈಕ್‌ಗೆ ತುಟಿ ಹಚ್ಚಿ ಒದರಿ ರೂಢಿ ಆದವರು ಸ್ಟುಡಿಯೋ ಮೈಕ್ ಮುಂದ ಕುಂತ್ರ "ಭ", "ಫ" ಬಂದಾಗೊಮ್ಮೆ ಗುಡುಗಿದಂಗ ಆಗ್ತೈತಿ. ಸ್ಟೇಜಿನ್ಯಾಗ ಸಾವಿರ ಮಂದಿಗೆ ಮಾತಾಡೋದು, ಇಲ್ಲಿ ಅಡಿಗಿ ಮನ್ಯಾಗ ಒಬ್ಬಾಕಿ ರೊಟ್ಟಿ ಬಡಿಯಾಕ ಹತ್ಯಾಳ, ಆಕಿಗೆ ಅಷ್ಟ ಮಾತಾಡೋದು. "ಬೆಳಗಾವೀ... ಹೆಂಗದೀರೀ!" ಅಂತ ಅಲ್ಲಿ ಒದರಿದ್ರ ಆಕಿ ಸ್ಟೇಷನ್ ಬದಲ ಮಾಡ್ತಾಳ.

ರೊಕ್ಕದ ಮಾತಿಗೆ ಬರೋಣು, ಯಾಕಂದ್ರ ಅರ್ಧ ಮಂದಿ ರೇಡಿಯೋಕ್ಕ ಹೋಗೋದು ಅದಕ್ಕ. ಬೆಳಗಾವಿಯೊಳಗ ಸ್ವಂತ ಹಾಡು ಮಾಡೋ ಬ್ಯಾಂಡಿಗೆ ಎಲ್ಲಿ ಜಾಗಾ ಐತಿ? ವಿಟಿಯು ಇದೇ ಊರಾಗ, ಇಂಜಿನಿಯರಿಂಗ್ ಕಾಲೇಜಿಗೆ ಬರ ಇಲ್ಲ, ಫೆಸ್ಟ್ ಸೀಸನ್‌ನ್ಯಾಗ ಒಂದೆರಡು ಶೋ ಸಿಗ್ತಾವ, ಆಮ್ಯಾಲೆ ಲಗ್ನದ ರಿಸೆಪ್ಷನ್, ಅಲ್ಲಿ ಸ್ವಂತ ಹಾಡು ಹಾಡಿದ್ರ ಬೀಗರು ಬಂದು ಮೈಕ್ ಕಸಗೋತಾರ, ಸಿನಿಮಾ ಹಾಡ ಬೇಕು, ಕನ್ನಡದ್ದು ಎರಡು, ಮರಾಠಿದು ಎರಡು, ಹಿಂದಿದು ಎಷ್ಟರ. ಇಲ್ಲಂದ್ರ ಶುಕ್ರವಾರ ಸಂಜಿಕೆ ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗಿ ಅಲ್ಲಿಯ ಹೋಟೆಲ್‌ನ್ಯಾಗ ಇಂಗ್ಲಿಷ್ ಹಾಡು ಹಾಡಿ ಸೋಮವಾರ ಕೆಂಪು ಕಣ್ಣು ಮಾಡಿಕೊಂಡು ಬರೋದು. ಆನ್‌ಲೈನ್ ಹಾಕಿದ್ರ ರೊಕ್ಕ ಬರ್ತೈತಿ ಅಂತೀರೇನು? 2024ರಿಂದ ಸ್ಪಾಟಿಫೈ ನಿಯಮ ಏನಂದ್ರ, ಹಿಂದಿನ 12 ತಿಂಗಳಾಗ ಒಂದು ಹಾಡು ಕಡಿಮಿ ಅಂದ್ರ 1000 ಸಲ ಕೇಳಸಿಕೊಂಡಿರಬೇಕು, ಇಲ್ಲಂದ್ರ ಆ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಸೊನ್ನಿ. ಸಣ್ಣ ಊರಿನ ಬ್ಯಾಂಡಿನ ಎಷ್ಟು ಹಾಡು ಆ ಗೆರಿ ದಾಟ್ತಾವ ಅನ್ನೋದು ಮಾಡಿದವರಿಗೆ ಗೊತ್ತು. ಇಂಥಾದ್ರಾಗ ತಿಂಗಳಾ ಒಂದನೇ ತಾರೀಖಿಗೆ ಪಗಾರ ಕೊಡೋ ಮೈಕ್ ಸಿಕ್ರ ಬ್ಯಾಡ ಅನ್ನೋರು ಯಾರು.

ಹಂಗ ನೋಡಿದ್ರ ಸಂಗೀತಗಾರರು ರೇಡಿಯೋಕ್ಕ ಹೋಗೋದು ನಮ್ಮ ಭಾಗಕ್ಕ ಹೊಸಾದೇನಲ್ಲ. ಧಾರವಾಡ ಆಕಾಶವಾಣಿ ಶುರು ಆಗಿದ್ದು 1950ರ ಜನವರಿ 8ಕ್ಕ, ಅಲ್ಲಿ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ರು, ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ರು. ಮನ್ಸೂರರಂಥಾವರು ಸ್ಟೇಷನ್ನಿಗೆ ಬಂದ್ರ ಯಾರೂ "ಪಾಪ" ಅನಲಿಲ್ಲ, ಅದು ಗೌರವದ ಜಾಗಾ. ಯಾಕಂದ್ರ ಏನು ಕೇಳಸಬೇಕು ಅನ್ನೋ ಮಾತಿನ್ಯಾಗ ಅವರಿಗೆ ದನಿ ಇತ್ತು. ಆಕಾಶವಾಣಿಯನ್ನ ಹಾಡಿ ಹೊಗಳಬೇಕು ಅಂತಲ್ಲ ಮತ್ತ. ಅದ ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂ ಬ್ಯಾಡ ಅಂತ ಕುಂತಿತ್ತು, ಇಡೀ ಉತ್ತರ ಕರ್ನಾಟಕದ ಭಜನಿ, ನಾಟಕ ಕಂಪನಿ, ಎಲ್ಲಾದಕ್ಕೂ ಪೆಟಗಿನ ಜೀವಾಳ ಆಗಿದ್ದ ಕಾಲದಾಗ. 1952ರಾಗ ಮಂತ್ರಿ ಆದ ಬಿ.ವಿ. ಕೇಸಕರ್ ಸಿನಿಮಾ ಹಾಡು ಬ್ಯಾಡ ಅಂದ್ರು, ಮಂದಿ ಸುಮ್ನ ರೇಡಿಯೋ ಸಿಲೋನ್ ತಿರುಗಿಸಿಕೊಂಡ್ರು, ಕಡೀಗೆ 1957ರ ಅಕ್ಟೋಬರ್‌ನ್ಯಾಗ ವಿವಿಧ ಭಾರತಿ ತರಬೇಕಾತು. ಅಂದ್ರ ಹಾಡು ಆರಿಸೋ ಅಧಿಕಾರ ದಿಲ್ಲಿಯ ಒಬ್ಬ ಮನಷ್ಯಾನ ಕೈಯಾಗ ಹೋದ್ರೂ ಕೆಡತೈತಿ.

ಈಗಿನ ಖಾಸಗಿ ಎಫ್‌ಎಂನಾಗ ಆ ಅಧಿಕಾರ ಎಲ್ಲಿಗೆ ಹೋಗೈತಿ? ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಸಿಟಿ 2001ರ ಜುಲೈನಾಗ ಬೆಂಗಳೂರಾಗ ಶುರು ಆತು. ಆವಾಗಿಂದ ಮಂದಿ ತಿಳಕೊಂಡಿದ್ದು ಏನಂದ್ರ ಆರ್‌ಜೆ ತನಗ ಬೇಕಾದ ಹಾಡು ಹಾಕ್ತಾನ ಅಂತ. ಸಾಮಾನ್ಯವಾಗಿ ಹಂಗ ಇರೋದಿಲ್ಲ. ಮ್ಯೂಸಿಕ್ ಮ್ಯಾನೇಜರ್ ಅಂತ ಒಬ್ಬರು ಇರ್ತಾರ, ಅವರ ಹತ್ರ ಶೆಡ್ಯೂಲಿಂಗ್ ಸಾಫ್ಟ್‌ವೇರ್ ಇರ್ತೈತಿ, ಜಗತ್ತಿನ ತುಂಬ ಹೆಸರಾದ ಸೆಲೆಕ್ಟರ್ ಅನ್ನೋ ಸಾಫ್ಟ್‌ವೇರ್ ತಂದ ಆರ್‌ಸಿಎಸ್ ಕಂಪನಿ ಹುಟ್ಟಿದ್ದ 1979ರಾಗ, ಅಷ್ಟು ಹಳೇ ಪದ್ಧತಿ ಇದು. ಹೊಸ ಹಿಟ್ ಹಾಡು ಇಷ್ಟು ತಾಸಿಗೊಮ್ಮೆ, ಹೋದ ವರ್ಷದ್ದು ಇಷ್ಟು ತಾಸಿಗೊಮ್ಮೆ, ಒಬ್ಬ ಗಾಯಕಂದು ಹಿಂದಿಂದ ಎರಡು ಬರಬಾರದು, ಜೋರು ಹಾಡಿನ ಮ್ಯಾಲೆ ಜೋರು ಹಾಡು ಬರಬಾರದು, ಇಂಥಾ ನಿಯಮ ಹಾಕಿದ್ರ ಅದು ದಿನದ ಪಟ್ಟಿ ಕೊಡ್ತೈತಿ. ಆರ್‌ಜೆ ನಡಬರಕ ಬಂದು ನಾಕು ಮಾತು ಹೇಳಿ ಹೋಗಬೇಕು. ಜಾಹೀರಾತು ಕೊಡೋರಿಗೆ ಎಲ್ಲಾ ವಯಸ್ಸಿನವರೂ ಕೇಳೋ ಸ್ಟೇಷನ್ ಬೇಕು, ಗುರ್ತಿಲ್ಲದ ಹಾಡು ಬಂದ್ರ ಮಂದಿ ಬಟನ್ ಒತ್ತತಾರ ಅನ್ನೋ ಅಂಜಿಕಿ, ಹಂಗಾಗಿ ಸಿನಿಮಾ ಹಾಡಿನ ಹೊರಗ ಹೆಜ್ಜಿ ಇಡೋದು ಅಪರೂಪ. ಮ್ಯಾಲೆ ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಹೇಳಾಕ ಪರವಾನಗಿ ಇಲ್ಲ, ಆಕಾಶವಾಣಿ ಸುದ್ದಿ ಇದ್ದದ್ದು ಇದ್ದಂಗ ಹಾಕಬಹುದು ಅಷ್ಟ. ಹಾಡು ಆರಿಸೋಹಂಗಿಲ್ಲ, ಸುದ್ದಿ ಹೇಳೋಹಂಗಿಲ್ಲ, ಉಳಿದಿದ್ದು ಪ್ರ್ಯಾಂಕ್ ಕಾಲ್ ಮತ್ತ ಹುಟ್ಟಿದ ಹಬ್ಬದ ಶುಭಾಶಯ.

ಇದರಿಂದ ಏನಾಗೈತಿ ಅಂದ್ರ ನಮ್ಮ ದೇಶದಾಗ ದಾರಿ ಉಲ್ಟಾ ಐತಿ. ಅಲ್ಲಿ ಬ್ಯಾಂಡಿನವರು ರೇಡಿಯೋಕ್ಕ ಬರ್ತಾರ, ಇಲ್ಲಿ ರೇಡಿಯೋದವರು ಸಿನಿಮಾಕ್ಕ ಹೋಗ್ತಾರ. ಆಯುಷ್ಮಾನ್ ಖುರಾನಾ ಮೊದಲು ದಿಲ್ಲಿಯೊಳಗ ಆರ್‌ಜೆ ಆಗಿದ್ದ, ದಾನಿಶ್ ಸೇಠ್ ಬೆಂಗಳೂರಾಗ ಆರ್‌ಜೆ ಆಗಿ ಪ್ರ್ಯಾಂಕ್ ಕಾಲ್‌ನಿಂದನ ಹೆಸರಾದ. ತಪ್ಪೇನಿಲ್ಲ, ಪ್ರತಿಭಾ ಇದ್ದವರು ಮುಂದ ಹೋಗೇ ಹೋಗ್ತಾರ, ಆದ್ರ ಇದರ ಅರ್ಥ ನಮ್ಮ ಖಾಸಗಿ ರೇಡಿಯೋಕ್ಕ ಬೇಕಾಗಿದ್ದು ಮಾತುಗಾರರು, ಸಂಗೀತಾ ಬಲ್ಲವರಲ್ಲ. ಅಂಥಾ ಸ್ಟೇಷನ್ನಿಗೆ ಬ್ಯಾಂಡಿನ ಹುಡುಗಿ ಹೋದ್ಲಂದ್ರ ಆಕಿ ಕಿವಿಗೆ ಕೆಲಸ ಇಲ್ಲ, ಬಾಯಿಗೆ ಅಷ್ಟ ಕೆಲಸ.

ಬಿಬಿಸಿ 6 ಮ್ಯೂಸಿಕ್‌ನ್ಯಾಗ ಹಗಲಿನ್ಯಾಗ ಪ್ಲೇಲಿಸ್ಟ್ ಇಲ್ಲಂತಲ್ಲ, ಅಲ್ಲೂ ಐತಿ. ಆದ್ರ ಸಂಜಿ ಮತ್ತ ವಾರದ ಕೊನೀ ಶೋದಾಗ ನಡಸೋರು ತಾವ ಆರಿಸಿದ ಹಾಡು ಹಾಕ್ತಾರ, ಜಾರ್ವಿಸ್, ಗಾರ್ವಿ, ಕೆರಿಸ್ ಇವರ ಶೋ ಎಲ್ಲಾ ರವಿವಾರ ಇದ್ದದ್ದು ಸುಮ್ನ ಅಲ್ಲ. ಆ ಸ್ಟೇಷನ್ ನಡಿಯೋದು ಅಲ್ಲಿಯ ಮನಿ ಮಂದಿ ಕಟ್ಟೋ ಟಿವಿ ಲೈಸೆನ್ಸ್ ಫೀ ರೊಕ್ಕದ ಮ್ಯಾಲೆ, ಜಾಹೀರಾತು ಇಲ್ಲ. ಅದಕ್ಕೂ ಕಂಟಕ ಬಂದಿತ್ತು, 2002ರಾಗ ಶುರು ಆದ ಸ್ಟೇಷನ್ನನ್ನ 2010ರ ಮಾರ್ಚ್‌ನ್ಯಾಗ ಮುಚ್ಚತೀವಿ ಅಂತ ಬಿಬಿಸಿನ ಹೇಳ್ತು, ಕೇಳೋ ಮಂದಿ ಗದ್ದಲ ಎಬ್ಬಿಸಿದ್ರು, ಜುಲೈ ಹೊತ್ತಿಗೆ ಬಿಬಿಸಿ ಮ್ಯಾಲೆ ಕಣ್ಣಿಡತಿದ್ದ ಬಿಬಿಸಿ ಟ್ರಸ್ಟ್ ಆ ಪ್ರಸ್ತಾವ ತಳ್ಳಿ ಹಾಕ್ತು. ಮುಚ್ಚಬೇಕು ಅಂದಾಗ ವಾರಕ್ಕ ಸುಮಾರು 7 ಲಕ್ಷ ಮಂದಿ ಕೇಳ್ತಿದ್ರು, ಆಮ್ಯಾಲೆ ಅದು 25 ಲಕ್ಷ ಮುಟ್ತು. ಅಂದ್ರ ಗುರ್ತಿಲ್ಲದ ಹಾಡು ಹಾಕಿದ್ರ ಮಂದಿ ಓಡಿ ಹೋಗ್ತಾರ ಅನ್ನೋದು ಪೂರಾ ಖರೆ ಅಲ್ಲ, ಆ ಹಾಡನ್ನ ಕೈ ಹಿಡದು ಪರಿಚಯ ಮಾಡಸೋರು ಒಬ್ಬರು ಬೇಕು. ಬ್ಯಾಂಡಿನವರು ಮಾಡೋ ಕೆಲಸ ಅದ.

ಈಗ ಬೆಳಗಾವಿಗೆ ಬರೋಣು. ನನಗ ಎರಡು ಅಂಜಿಕಿ ಅದಾವ. ಒಂದು, ಖಾಸಗಿ ಎಫ್‌ಎಂ ಲೈಸೆನ್ಸಿನ ಮೂರನೇ ಹಂತದ ನಿಯಮದ ಪ್ರಕಾರ ಕಂಪನಿಗಳು ತಮ್ಮ ನೆಟ್‌ವರ್ಕ್ ಒಳಗ ಒಂದ ಕಾರ್ಯಕ್ರಮ ಹತ್ತಾರು ಊರಾಗ ಹಾಕಬಹುದು. ಖರ್ಚು ಉಳಸಾಕ ಹಂಗ ಮಾಡಿದ್ರ ಬೆಳಗಾವಿ ಎಫ್‌ಎಂ ಅಂತ ಬೋರ್ಡ್ ಇರ್ತೈತಿ, ಮಾತು ಬೆಂಗಳೂರಿಂದು, ಟ್ರಾಫಿಕ್ ಜೋಕ್ ಸಿಲ್ಕ್ ಬೋರ್ಡಿಂದು. ಖಡೇಬಜಾರದಾಗ ಸಿಕ್ಕಾಕಿಕೊಂಡವನಿಗೆ ಸಿಲ್ಕ್ ಬೋರ್ಡ್ ಕಟಗೊಂಡು ಏನಾಗಬೇಕು. ಎರಡನೇದು ಭಾಷಾ. ಈ ಊರಾಗ ಒಂದ ಮನ್ಯಾಗ ಕನ್ನಡ, ಮರಾಠಿ, ಕೊಂಕಣಿ, ಉರ್ದು ಕೇಳ್ತೈತಿ, ನಿಪ್ಪಾಣಿ ಕಡೆ ಹೋದ್ರ ಕೊಲ್ಹಾಪುರದ ಎಫ್‌ಎಂ ಕಿವಿಗೆ ಬೀಳ್ತೈತಿ. ಯಾವ ಭಾಷಾದ ಹಾಡು ಎಷ್ಟು ಅನ್ನೋದು ಇಲ್ಲಿ ಸಾಫ್ಟ್‌ವೇರ್‌ಗೆ ಬಿಡೋ ವಿಷಯ ಅಲ್ಲ. ಲಗ್ನದ ರಿಸೆಪ್ಷನ್‌ನ್ಯಾಗ ಮಂದಿ ಮುಖ ನೋಡಿ ಮುಂದಿನ ಹಾಡು ಯಾವ ಭಾಷಾದ್ದು ಅಂತ ನಿಂತಲ್ಲೇ ಬದಲ ಮಾಡಿದವರಿಗೆ ಅದು ಗೊತ್ತಿರ್ತೈತಿ, ಮತ್ತ ಅವರು ಯಾರಂದ್ರ ಇದೇ ಬ್ಯಾಂಡಿನವರು.

ಸಮುದಾಯ ರೇಡಿಯೋ ಒಂದು ಆಸರಾ. ಬೆಳಗಾವಿಯೊಳಗ ಕೆಎಲ್‌ಇ ಸಂಸ್ಥೆಯ ವೇಣುಧ್ವನಿ ಐತಿ. ಸಮುದಾಯ ರೇಡಿಯೋ ನಿಯಮದಾಗ ಕನಿಷ್ಠ ಅರ್ಧ ಕಾರ್ಯಕ್ರಮ ಅಲ್ಲಿಯವರ ಮಾಡಬೇಕು, ಅದು ನಮ್ಮ ಹುಡುಗೂರಿಗೆ ಚಲೋ. ತೊಂದರಿ ರೊಕ್ಕದ್ದು. ಟ್ರಾನ್ಸ್‌ಮೀಟರ್ ತಾಕತ್ತು ಸಾಮಾನ್ಯ 100 ವ್ಯಾಟ್, ಊರು ದಾಟಿ ಸ್ವಲ್ಪ ದೂರಕ್ಕ ದನಿ ಮುಗೀತೈತಿ. 2024ರಾಗ ಜಾಹೀರಾತಿನ ಮಿತಿ ತಾಸಿಗೆ 7 ನಿಮಿಷದಿಂದ 12 ನಿಮಿಷಕ್ಕ ಏರಿಸಿದ್ರು, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆತು. 12 ನಿಮಿಷ ಪೂರ್ತಿ ಸರ್ಕಾರಿ ಜಾಹೀರಾತೇ ಸಿಕ್ತು ಅಂತ ಹಿಡೀರಿ, ತಾಸಿಗೆ 5,328 ರೂಪಾಯಿ, ಅದೂ ಸಿಕ್ರ. ಇದ್ರಾಗ ಕರೆಂಟ್ ಬಿಲ್, ಮಶೀನ್ ರಿಪೇರಿ ಎಲ್ಲಾ ಆಗಬೇಕು. ಪಗಾರ ಕೊಟ್ಟು ಹಾಡೋರನ್ನ ಇಟಗೊಳ್ಳೋದು ಎಲ್ಲಿಂದ ಸಾಧ್ಯ. ಅಂದ್ರ ಸ್ವಾತಂತ್ರ್ಯ ಇದ್ದಲ್ಲಿ ಪಗಾರ ಇಲ್ಲ, ಪಗಾರ ಇದ್ದಲ್ಲಿ ಸ್ವಾತಂತ್ರ್ಯ ಇಲ್ಲ, ಈಗಿನ ಮಟ್ಟಿಗೆ ಹಕೀಕತ್ ಇದು.

ಬ್ಯಾಂಡಿಗೆ ಆಗೋ ನಷ್ಟಾನೂ ಹೇಳಬೇಕು. ಬೆಳಿಗ್ಗೆ 7ಕ್ಕ ಶೋ ಅಂದ್ರ 5ಕ್ಕ ಏಳಬೇಕು, ಹಂಗಿದ್ದಾಗ ರಾತ್ರಿ 11ರ ತನಕ ರಿಹರ್ಸಲ್ ಆಗೋದಿಲ್ಲ. ಲವರ್ನ್ ರೇಡಿಯೋಕ್ಕ ಬರೋದ್ರಾಗ ಕೆನಿಕಿ ಮುಗದ ಹೋಗಿತ್ತು, ಮೂರನೇ ಆಲ್ಬಮ್ ಬರಲೇ ಇಲ್ಲ, ಗಾರ್ವಿ ವಾರಕ್ಕೊಂದ ಶೋ ಹಿಡದ, ಎಲ್ಬೋ ಆಲ್ಬಮ್ ಬರಕೋತ ಅದಾವ. ಇದರ ಜೋಡಿ ಇನ್ನೊಂದು ಇಕ್ಕಟ್ಟು, ದೋಸ್ತರ ಬ್ಯಾಂಡಿನ ಹಾಡು ಹಾಕಿದ್ರ "ತನ್ನವರದ್ದ ಹಾಕ್ತಾಳ" ಅಂತಾರ, ಹಾಕದಿದ್ರ "ರೇಡಿಯೋ ಸೇರಿ ದೊಡ್ಡಾಕಿ ಆಗ್ಯಾಳ" ಅಂತಾರ. ಸಣ್ಣ ಊರಾಗ ಇದಕ್ಕ ಪರಿಹಾರ ಇಲ್ಲ, ಎರಡನೇದಕಿಂತ ಮೊದಲನೇದು ಕೇಳಿಸಿಕೊಳ್ಳೋದು ಮೇಲು ಅಂತ ನನ್ನ ಮತ.

ಹಂಗಾಗಿ ನಾಳೆ ಯಾವುದರ ಎಫ್‌ಎಂನವರು ಬಂದು ಬ್ರೇಕ್‌ಫಾಸ್ಟ್ ಶೋ ಕೊಡ್ತೀವಿ ಅಂದ್ರ ನಮ್ಮ ಬೆಳಗಾವಿಯ ಟಿಳಕವಾಡಿ ಹುಡುಗರು, ಶಹಾಪುರದ ಹುಡುಗ್ಯಾರು ಪಗಾರ ಎಷ್ಟು ಅಂತ ಕೇಳ್ರಿ, ಕೇಳಬ್ಯಾಡ್ರಿ ಅನ್ನೋದಿಲ್ಲ, ಜೋಡೀಗೆ ವಾರದಾಗ ಎರಡ ತಾಸು, ರವಿವಾರ ರಾತ್ರಿ ಆದ್ರೂ ಅಡ್ಡಿಯಿಲ್ಲ, ಹಾಡು ನಾವ ಆರಸ್ತೀವಿ, ಅದರಾಗ ಇಂತಿಷ್ಟು ಈ ಭಾಗದವರದ್ದ ಇರಬೇಕು ಅಂತ ಕರಾರಿನ್ಯಾಗ ಬರಸಿಕೋರಿ. ಆ ಹೊತ್ತಿಗೆ ಜಾಹೀರಾತು ಕಡಿಮಿ ಇರ್ತೈತಿ, ಕಂಪನಿಗೆ ಹೋಗೋದು ಏನಿಲ್ಲ. ಮತ್ತ ಸಹಿ ಮಾಡೋದಕ್ಕ ಮೊದಲ ನಿಮ್ಮ ಸ್ವಂತ ಹಾಡು ಐಪಿಆರ್‌ಎಸ್‌ನ್ಯಾಗ, ಅಂದ್ರ ಹಾಡಿನ ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥಾದಾಗ, ನೋಂದಣಿ ಮಾಡಸ್ರಿ, ನಿಮ್ಮ ಹಾಡು ನಿಮ್ಮ ಶೋದಾಗ ಬಂದ್ರೂ ಬರದವರಿಗೆ, ರಾಗಾ ಹಾಕಿದವರಿಗೆ ರಾಯಲ್ಟಿ ಸಿಗಬೇಕಂದ್ರ ಹೆಸರು ಅಲ್ಲಿರಬೇಕು, ಅದನ್ನ ನೌಕರಿ ಕೊಟ್ಟವರು ನೆನಪು ಮಾಡಿ ಹೇಳೋದಿಲ್ಲ.